ಓವಾಹುವಿನ ಮರಬಸವನಹುಳು: ಗೋಡೆ ಕಟ್ಟಿದ ಮೇಲೇ ಅಸಲಿ ಕೆಲಸ

ಹವಾಯಿಯ ಓವಾಹು ದ್ವೀಪ ಬಿಟ್ಟರೆ ಅಕಾಟಿನೆಲ್ಲಾ ಕುಲದ ಬಸವನಹುಳುಗಳು ಬೇರೆಲ್ಲೂ ಇಲ್ಲ. ಗುರುತಿಸಿದ್ದು 41 ಪ್ರಭೇದ. 1981ರಲ್ಲಿ ಅಮೆರಿಕ ಇಡೀ ಕುಲವನ್ನೇ ಅಳಿವಿನಂಚಿನ ಪಟ್ಟಿಗೆ ಸೇರಿಸುವಷ್ಟರಲ್ಲೇ ಎಷ್ಟೋ ಪ್ರಭೇದಗಳು ಹೋಗಿಬಿಟ್ಟಿದ್ದವು. ಅಕಾಟಿನೆಲ್ಲಾ ಅಪೆಕ್ಸ್‌ಫುಲ್ವಾ ಎಂಬ ಪ್ರಭೇದದ ಕೊನೆಯ ಹುಳು, ಎಲ್ಲರೂ ಜಾರ್ಜ್ ಎಂದು ಕರೆಯುತ್ತಿದ್ದದ್ದು, 2019ರ ಜನವರಿ 1ರಂದು ಸಾಕಿದ ಕಡೆಯಲ್ಲೇ ಸತ್ತಿತು.

ಚಿಪ್ಪು ಸುಮಾರು 2 ಸೆಂಟಿಮೀಟರ್. ನುಣ್ಣಗೆ ಹೊಳೆಯುವ ಮೈ, ಸುತ್ತ ಕಂದು, ಹಳದಿ, ಬಿಳಿ ಪಟ್ಟೆ. ಕೆಲವು ಪ್ರಭೇದಗಳಲ್ಲಿ ಒಂದು ಹುಳುವಿನ ಚಿಪ್ಪಿನ ಸುರುಳಿ ಎಡಕ್ಕೆ, ಇನ್ನೊಂದರದು ಬಲಕ್ಕೆ. ಇವು ಎಲೆ ತಿನ್ನುವುದಿಲ್ಲ. ಎಲೆಯ ಮೇಲೆ ಬೆಳೆಯುವ ತೆಳುವಾದ ಬೂಷ್ಟನ್ನು ರಾತ್ರಿ ಹೊತ್ತು ಕೆರೆದು ತಿನ್ನುತ್ತವೆ. ಸಾಕುವಾಗ ಸೊಪ್ಪು ಹಾಕಿದರಷ್ಟೇ ಸಾಲದು, ಬೂಷ್ಟನ್ನೂ ಬೆಳೆಸಿ ಕೊಡಬೇಕು. ಪ್ರಾಯಕ್ಕೆ ಬರಲು ವರ್ಷಗಳೇ ಹಿಡಿಯುತ್ತವೆ. ಮೊಟ್ಟೆಯಿಲ್ಲ, ಒಂದು ಸಲಕ್ಕೆ ಒಂದೇ ಮರಿ. ದೊಡ್ಡ ಹುಳು ಒಂದು ಸತ್ತರೆ ಆ ನಷ್ಟ ತುಂಬುವುದು ಬಹಳ ನಿಧಾನ.

ಮುಖ್ಯ ಶತ್ರುಗಳು ಎರಡು. ಇಲಿ ಚಿಪ್ಪನ್ನು ಕಡಿದು ಒಡೆಯುತ್ತದೆ. 1955ರಲ್ಲಿ ಆಫ್ರಿಕಾದ ದೈತ್ಯ ಬಸವನಹುಳುವನ್ನು ಹತೋಟಿಗೆ ತರಲೆಂದು ಬಿಟ್ಟ ಯೂಗ್ಲಾಂಡಿನಾ ಎಂಬ ಬೇಟೆಗಾರ ಬಸವನಹುಳು ಲೋಳೆಯ ಜಾಡು ಹಿಡಿದು ಮರವನ್ನೂ ಹತ್ತುತ್ತದೆ. ಅದು ಮರಿಯನ್ನು ಇಡಿಯಾಗಿ ನುಂಗುತ್ತದೆ. ದೊಡ್ಡದನ್ನು ತಿಂದರೆ ಚಿಪ್ಪು ಒಡೆಯದೆ ಉಳಿಯುತ್ತದೆ. ಹಾಗಾಗಿ ಮರದಡಿ ಬಿದ್ದ ಚಿಪ್ಪನ್ನು ಎತ್ತಿ ನೋಡಲೇಬೇಕು, ಯಾರ ಕೆಲಸ ಎಂಬ ಸುಳಿವು ಅಲ್ಲೇ ಸಿಗುತ್ತದೆ.

ಇದಕ್ಕೆಂದೇ ಕಾಡಿನ ತುಂಡೊಂದರ ಸುತ್ತ ಇಲಿ ಹತ್ತಲಾಗದ ನುಣುಪು ಗೋಡೆ ಕಟ್ಟುತ್ತಾರೆ. ಯೂಗ್ಲಾಂಡಿನಾಕ್ಕೆ ಹೊರಮೈಯಲ್ಲಿ ಮೂರು ತಡೆ: ಕೆಳಕ್ಕೆ ಬಾಗಿದ ತಗಡು, ಚೂಪು ತುದಿಗಳು ಹೊರಚಾಚುವಂತೆ ಕತ್ತರಿಸಿದ ಜಾಲರಿ, ವಿದ್ಯುತ್ ತಂತಿ. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಮೂರು.

ಕೆಡುವುದು ಎಲ್ಲಿ ಅಂದರೆ, ಗಾಳಿಗೆ ಮುರಿದ ಒಂದು ಕೊಂಬೆ ಗೋಡೆಯ ಮೇಲೆ ಅಡ್ಡ ಬಿದ್ದರೆ ಮೂರೂ ತಡೆಗಳ ಮೇಲೆ ಸೇತುವೆ ಕಟ್ಟಿದಂತೆಯೇ. ಆದ್ದರಿಂದ ಎರಡೂ ಬದಿ ಕೊಂಬೆ ಸವರುತ್ತಲೇ ಇರಬೇಕು. ತಂತಿಗೆ ಹುಲ್ಲು ತಾಗಿದರೆ ವಿದ್ಯುತ್ ಸೋರಿ ಬಲ ಕುಂದುತ್ತದೆ. ಒಳಗೆ ನೆಡಲು ತಂದ ಗಿಡದ ಮಣ್ಣಿನಲ್ಲೂ ಶತ್ರುವಿನ ಮೊಟ್ಟೆ ಬರಬಹುದು. ಬೇರು, ಮಣ್ಣು ಎರಡನ್ನೂ ಪರೀಕ್ಷಿಸದೆ ಒಳಗೆ ಬಿಡಬಾರದು. ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವುದು ಒಳಗಿನ ಯೂಗ್ಲಾಂಡಿನಾಗಳನ್ನು ತೆಗೆಯುವ ಕೆಲಸ. ತರಗೆಲೆ ಸರಿಸಿ ಸಿಕ್ಕವನ್ನೆಲ್ಲ ಹೆಕ್ಕಿದರೂ ಮಣ್ಣಿನಲ್ಲಿ ಮೊಟ್ಟೆ ಉಳಿದಿರುತ್ತದೆ, ಒಡೆಯಲು ತಿಂಗಳಿಗೂ ಹೆಚ್ಚು ಬೇಕು. ಒಮ್ಮೆ ಹುಡುಕಿ ಏನೂ ಸಿಗಲಿಲ್ಲವೆಂದು ಮರಬಸವನಹುಳುಗಳನ್ನು ತಂದು ಬಿಡುವುದು ದುಡುಕು. ಮತ್ತೆ ಮತ್ತೆ ಹುಡುಕಿ, ಪ್ರತಿ ಸಲವೂ ಬರಿಗೈಯಲ್ಲಿ ಬಂದ ಮೇಲೆ ಬಿಡಬೇಕು.