ವಿದೇಶದ ಓದಿನ ಅನುಭವವನ್ನು ಕೃತಿಯಾಗಿಸುವುದು ಹೇಗೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬಂದರೂ ಸಾರ ಒಂದೇ: "ಒಂದು ಸೆಮಿಸ್ಟರ್ ಹೊರದೇಶದಲ್ಲಿ ಓದಿ ಬಂದಿದ್ದೇನೆ. ಫೋನಿನಲ್ಲಿ ಸಾವಿರಾರು ಫೋಟೊ ಇವೆ. ಎಲ್ಲ ಸೇರಿಸಿ ಏನಾದರೂ ಮಾಡಬೇಕು. ವಿಡಿಯೊ ಮಾಡಲಾ, ಪುಸ್ತಿಕೆ ಮಾಡಲಾ, ಎಲ್ಲಿಂದ ಶುರು ಮಾಡಲಿ?"

ಎಲ್ಲ ಸೇರಿಸಬೇಡಿ. ಅಲ್ಲಿ ನಿಮಗೆ ಮೊದಲು ಅರ್ಥವಾಗದೇ ಹೋದ ಒಂದೇ ಒಂದು ಸಣ್ಣ ಸಂಗತಿಯನ್ನು ಹಿಡಿಯಿರಿ. ವಿಡಿಯೊನಾ ಪುಸ್ತಿಕೆನಾ ಅನ್ನುವುದನ್ನು ಆ ಸಂಗತಿಯೇ ಹೇಳುತ್ತದೆ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ಅಮೆರಿಕ ಸರ್ಕಾರದ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ನೆರವಿನಿಂದ ಅಮೆರಿಕಕ್ಕೆ ಹೋಗಿಬಂದ ನಾರ್ವೆಯವರನ್ನು ಮಾತಾಡಿಸಿ ಸಮಾಜವಿಜ್ಞಾನಿ ಲಿಸ್‌ಗೋರ್ 1955ರಲ್ಲಿ ಒಂದು ಲೇಖನ ಬರೆದರು. ಹೊಸ ನಾಡಿಗೆ ಹೊಂದಿಕೊಳ್ಳುವ ದಾರಿ 'ಯು' ಅಕ್ಷರದ ಹಾಗಿರುತ್ತದೆ, ಮೊದಲು ಉತ್ಸಾಹ, ನಡುವೆ ಕುಸಿತ, ಕೊನೆಗೆ ಚೇತರಿಕೆ ಎಂಬುದು ಅದರ ತಿರುಳು. ಊರಿಗೆ ಮರಳಿದ ಮೇಲೂ ಅಂಥದ್ದೇ ಇನ್ನೊಂದು ಇಳಿತ ಇದೆ ಎಂದು 1963ರಲ್ಲಿ ಗುಲ್ಲಹಾರ್ನ್ ದಂಪತಿ ಅದನ್ನು 'ಡಬ್ಲ್ಯು' ಮಾಡಿದರು. ಎಲ್ಲರಿಗೂ ಹೀಗೇ ಆಗುತ್ತದೆ ಎಂಬುದನ್ನು ನಂತರದ ಸಂಶೋಧಕರು ಒಪ್ಪಲಿಲ್ಲ. ಆದರೆ ವಿದ್ಯಾರ್ಥಿಗಳ ಕೃತಿಗಳು ಮಾತ್ರ ಇವತ್ತಿಗೂ ಆ 'ಯು' ಹಾದಿಯನ್ನೇ ಹಿಡಿಯುತ್ತವೆ: ವಿಮಾನದ ಕಿಟಕಿ, ಒಂಟಿತನ, ಗೆಳೆಯರ ಗುಂಪು. ಮೊದಲ ಚಿತ್ರ ನೋಡಿದಾಗಲೇ ನೋಡುಗರಿಗೆ ಕೊನೆಯದು ಗೊತ್ತಾಗಿಬಿಡುತ್ತದೆ. ಮರಳಿದ ಮೇಲಿನ ಇಳಿತವನ್ನು ಮುಟ್ಟಿದವರು ಕಡಿಮೆ. ಅಲ್ಲಿ ಸರಕು ಬೇಕಾದಷ್ಟಿದೆ.

ಸಂಗತಿ ಹುಡುಕಲು ಫೋಟೊಗಳನ್ನು ತೆರೆಯಬೇಡಿ, ಮೊದಲ ತಿಂಗಳು ಮನೆಗೆ ಕಳಿಸಿದ ಮೆಸೇಜುಗಳನ್ನು ಓದಿ. ಆಮೇಲೆ ಕಣ್ಣಿಗೆ ರೂಢಿಯಾಗಿ ವಿಚಿತ್ರಗಳೆಲ್ಲ ಮಾಯವಾಗಿರುತ್ತವೆ. ಇನ್ನೂ ಹೊರಡದವರು ಮೊದಲ ಮೂರು ವಾರ ದಿನಕ್ಕೆ ಮೂರು ಸಾಲು ಬರೆದಿಡಿ: ಏನು ನಡೆಯಿತು, ನಾನೇನು ಅಂದುಕೊಂಡೆ, ಅಸಲಿಗೆ ಅದೇನಾಗಿತ್ತು. ಎರಡನೇ ಸಾಲಿಗೂ ಮೂರನೇ ಸಾಲಿಗೂ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ಕೃತಿ ಇದೆ.

ಒಂದು ಉದಾಹರಣೆ. ಇಂಗ್ಲಿಷ್ ಆಡುವ ಎಷ್ಟೋ ಕಡೆ 'ಹೇಗಿದ್ದೀರಿ' ಎಂಬುದು ಪ್ರಶ್ನೆಯಲ್ಲ, ಬರೀ ನಮಸ್ಕಾರ. ಹೊಸಬರು ನಿಂತು ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಕೇಳಿದವರು ಮುಂದೆ ಹೋಗಿರುತ್ತಾರೆ. ಇದಕ್ಕೆ ಫೋಟೊ ಒದಗುವುದಿಲ್ಲ, ಧ್ವನಿ ಒದಗುತ್ತದೆ. ತೊಂಬತ್ತು ಸೆಕೆಂಡು ಸಾಕು: ಕಾರಿಡಾರು, ಬಾಗಿಲ ಸದ್ದು, ಆ ಪ್ರಶ್ನೆ, ಉತ್ತರಕ್ಕೆ ಎಳೆದುಕೊಂಡ ಉಸಿರು, ದೂರವಾಗುವ ಹೆಜ್ಜೆಗಳು. ಇದೇ ಮೂರು ಸಲ. ನಾಲ್ಕನೇ ಸಲ ಪ್ರಶ್ನೆ ಕೇಳಿ ನಿಲ್ಲದೆ ನಡೆದುಹೋಗುವುದು ಆ ವಿದ್ಯಾರ್ಥಿಯೇ. ವಿವರಣೆಯ ಒಂದು ಮಾತೂ ಬೇಡ.

ಧ್ವನಿಮುದ್ರಣಕ್ಕೆ ಫೋನ್ ಸಾಕು, ಆದರೆ ಏರ್‌ಪ್ಲೇನ್ ಮೋಡ್‌ನಲ್ಲಿಡಿ. ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಹಿಡಿಯಿರಿ. ನೇರ ಹಿಡಿದರೆ ಪ, ಫ, ಭ ಬಂದಾಗಲೆಲ್ಲ ಗಾಳಿ ಬಡಿಯುತ್ತದೆ. ರೆಕಾರ್ಡಿಂಗ್ ಸೆಟ್ಟಿಂಗ್‌ನಲ್ಲಿ ಧ್ವನಿಯನ್ನು ಕುಗ್ಗಿಸದೆ ಉಳಿಸುವ ಡಬ್ಲ್ಯುಎವಿ ಫೈಲು, 48 ಕಿಲೋಹರ್ಟ್ಸ್ ಆರಿಸಿ. ಧ್ವನಿಯ ಮಟ್ಟ ತೋರಿಸುವ ಪಟ್ಟಿ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿ ಆಡುತ್ತಿರಲಿ. ಸೊನ್ನೆ ತಾಗಿ ಒಡೆದ ಧ್ವನಿಯನ್ನು ಆಮೇಲೆ ಸರಿಯಾಗಿ ರಿಪೇರಿ ಮಾಡಲಾಗದು. ಹೆಚ್ಚಿನವರು ಮರೆಯುವುದು ಒಂದನ್ನು: ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಒಂದು ನಿಮಿಷ ಆ ಜಾಗದ ಮೌನವನ್ನು ಮುದ್ರಿಸಿಕೊಳ್ಳಿ. ಅದಿಲ್ಲದಿದ್ದರೆ ಎಡಿಟಿಂಗ್‌ನಲ್ಲಿ ಕತ್ತರಿಸಿದ ಪ್ರತಿ ಜಾಗವೂ ಗುಂಡಿಯ ಹಾಗೆ ಕೇಳಿಸುತ್ತದೆ.

ಟಿಕೆಟು, ಬೋರ್ಡು, ಕೈಬರಹದ ಚೀಟಿಗಳಂಥ ಸರಕಾದರೆ ಒಂದೇ ಹಾಳೆಯ ಝೀನ್, ಅಂದರೆ ಕೈಯಾರೆ ಮಾಡುವ ಪುಟ್ಟ ಪುಸ್ತಿಕೆ ಮಾಡಿ. ಎ4 ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಚಿ ಬಿಡಿಸಿದರೆ ಸುಮಾರು 74×105 ಮಿ.ಮೀ.ನ ಎಂಟು ಮನೆಗಳು ಬರುತ್ತವೆ. ಹಾಳೆ ಅಡ್ಡಲಾಗಿರಲಿ. ಕೆಳಸಾಲಿನಲ್ಲಿ ಎಡದಿಂದ ಪುಟ 6, 7, 8, 1. ಮೇಲ್ಸಾಲಿನಲ್ಲಿ ಎಡದಿಂದ 5, 4, 3, 2, ಇವು ತಲೆಕೆಳಗಾಗಿ. 1 ಮುಖಪುಟ, 8 ಹಿಂಬದಿ. ನಡುವಿನ ಅಡ್ಡಗೆರೆಯ ಮೇಲೆ, ನಡುವಿನ ಎರಡು ಮನೆಗಳ ಉದ್ದಕ್ಕೆ ಮಾತ್ರ ಸೀಳಿ. ಒಂದು ಮನೆ ಹೆಚ್ಚು ಸೀಳಿದರೂ ಪುಸ್ತಿಕೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಹಾಳೆಯನ್ನು ಉದ್ದಕ್ಕೆ ಮಡಚಿ ಎರಡೂ ತುದಿಗಳನ್ನು ಒಳಕ್ಕೆ ತಳ್ಳಿದರೆ ಸೀಳು ಬಾಯಿ ಬಿಟ್ಟು, ಪುಟಗಳು ತಾವಾಗಿ ಸೇರುತ್ತವೆ. ಮುದ್ರಿಸುವಾಗ 'ಫಿಟ್ ಟು ಪೇಜ್' ತೆಗೆದು ನೂರು ಪ್ರತಿಶತ ಇಡಿ, ಇಲ್ಲದಿದ್ದರೆ ಮಡಿಕೆ ಒಂದು ಕಡೆ, ಪುಟದ ಗಡಿ ಇನ್ನೊಂದು ಕಡೆ. ಅಕ್ಷರಗಳು ಮನೆಯ ಅಂಚಿನಿಂದ 8 ಮಿ.ಮೀ. ಒಳಗಿರಲಿ. ಇನ್‌ಡಿಸೈನ್‌ನಲ್ಲಿ (ಪುಟವಿನ್ಯಾಸದ ಸಾಫ್ಟ್‌ವೇರ್) ಕನ್ನಡ ಕೂರಿಸುವವರು ಅದರ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸಿಕೊಳ್ಳಿ. ಒತ್ತಕ್ಷರಗಳು ಒಡೆಯುವುದು ಹೆಚ್ಚಾಗಿ ಅದಿಲ್ಲದ್ದರಿಂದ.

ಫೋಟೊ ಸರಣಿಗೆ ಹತ್ತು ಚಿತ್ರ ಸಾಕು. 10×8 ಇಂಚಿಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಅಂದರೆ 3000×2400 ಪಿಕ್ಸೆಲ್ ಬೇಕು. ವಾಟ್ಸಾಪ್‌ನಲ್ಲಿ ಫೋಟೊವಾಗಿ ಕಳಿಸಿದ್ದು ಕುಗ್ಗಿರುತ್ತದೆ, ಮೂಲ ಫೈಲನ್ನೇ ಹುಡುಕಿ.

ಇನ್ನು ಜನರ ವಿಷಯ. ಇಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ. ಮುಖವೋ ಧ್ವನಿಯೋ ಗುರುತು ಸಿಗುವಂತಿದ್ದರೆ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಪ್ರದರ್ಶನಕ್ಕಾ, ಇಂಟರ್ನೆಟ್ಟಿಗಾ ಎಂದು ಅದರಲ್ಲೇ ಇರಲಿ; ಮಕ್ಕಳಾದರೆ ಪೋಷಕರ ಸಹಿ ಬೇಕು. ಅಪ್‌ಲೋಡ್ ಮಾಡುವ ಮೊದಲು ಫೋಟೊದೊಳಗಿನ ಸ್ಥಳದ ಮಾಹಿತಿ ಅಳಿಸಿ, ಅದರಿಂದ ಆತಿಥ್ಯ ಕೊಟ್ಟವರ ಮನೆ ಬಾಗಿಲೇ ಗೊತ್ತಾಗುತ್ತದೆ. ಕೆಲವು ಷರತ್ತಿನ ಮೇಲೆ ಎಲ್ಲರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಸಂಗೀತವೆಂದು ನಿಶ್ಚಿಂತರಾಗಬೇಡಿ: 'ಎನ್‌ಡಿ' (ರೂಪಾಂತರಕ್ಕೆ ಅನುಮತಿ ಇಲ್ಲ) ಗುರುತಿದ್ದರೆ ವಿಡಿಯೊಗೆ ಹೊಂದಿಸಿ ಪ್ರಕಟಿಸುವಂತಿಲ್ಲ, ಹಾಗೆ ಹೊಂದಿಸುವುದನ್ನೇ ಆ ಪರವಾನಗಿ ರೂಪಾಂತರ ಎಂದು ಎಣಿಸುತ್ತದೆ.

ಮುಗಿಸುವ ಮೊದಲು ಆ ನಾಡಿನ ಒಬ್ಬರಿಗೆ ತೋರಿಸಿ. "ಹೇಗಿದೆ?" ಎಂದರೆ "ಚೆನ್ನಾಗಿದೆ" ಎನ್ನುತ್ತಾರೆ. "ಇದರಲ್ಲಿ ನಿಮ್ಮವರು ಹೀಗೆ ಮಾಡುವುದಿಲ್ಲ ಅನ್ನಿಸಿದ್ದು ಯಾವುದು?" ಎಂದು ಕೇಳಿ. ಅವರು ತೋರಿಸಿದ ಜಾಗದಲ್ಲಿ ಸಾಮಾನ್ಯವಾಗಿ 'ಅಲ್ಲಿಯ ಜನ' ಎಂದು ಶುರುವಾಗುವ ಒಂದು ವಾಕ್ಯ ಇರುತ್ತದೆ. ಅದನ್ನು ತೆಗೆದು, ನೀವು ಕಂಡ ಆ ಒಬ್ಬ ವ್ಯಕ್ತಿ ಅವತ್ತು ಮಾಡಿದ್ದನ್ನು ಮಾತ್ರ ಬರೆಯಿರಿ.