ಗಡಿಗೆಗೆ ಟೇಪು ಹಿಡಿದ ಗಣಿತ ಕ್ಲಾಸು

ಬಿಎಸ್ಸಿಯಲ್ಲಿ ನಮಗೆ ಇಂಟಿಗ್ರೇಷನ್ ಕಲಿಸಿದ ಸರ್ ಸೂತ್ರವನ್ನು ಕೊನೆಗೆ ಬರೆಯುತ್ತಿದ್ದರು. ಮೊದಲು ವಸ್ತು, ಆಮೇಲೆ ಅದರ ಚಿತ್ರ, ಆಮೇಲೆ ಲೆಕ್ಕ. ನನಗೆ ಗಣಿತ ತಲೆಗೆ ಹತ್ತಿದ್ದು ಈ ಕ್ರಮದಿಂದಲೇ.

ಪರಿಭ್ರಮಣ ಘನಗಳ, ಅಂದರೆ ಒಂದು ರೇಖೆಯನ್ನು ಅಕ್ಷದ ಸುತ್ತ ತಿರುಗಿಸಿದಾಗ ಸಿಗುವ ಆಕಾರಗಳ ಪಾಠ ಬಂದದ್ದು ಬೇಸಿಗೆಯಲ್ಲಿ. ರಾಯಚೂರಿನ ಬಿಸಿಲು ಗೊತ್ತಲ್ವಾ, ಹತ್ತು ಗಂಟೆಗೇ ಕಿಟಕಿಯ ಸರಳು ಮುಟ್ಟೋಕಾಗಲ್ಲ. ಕುಡಿಯುವ ನೀರಿಗೆಂದು ಊರೊಳಗಿನ ತೀನ್ ಕಂದೀಲ್ ವೃತ್ತದ ಕಡೆಯಿಂದ ಹೊಸ ಗಡಿಗೆ ತರಿಸಿದ್ದರು. ಸರ್ ಅದನ್ನು ಟೇಬಲ್ ಮೇಲೆ ಇಡಿಸಿ, "ಇದರಲ್ಲಿ ಎಷ್ಟು ನೀರು ಹಿಡಿಯುತ್ತೆ? ಸುರಿಯದೇ ಹೇಳ್ರಿ" ಎಂದರು.

ಗಡಿಗೆ ತಿಗರಿಯ ಮೇಲೆ ತಿರುಗಿ ಹುಟ್ಟಿದ್ದು. ಎಲ್ಲಿ ಅಡ್ಡ ಕೊಯ್ದರೂ ವೃತ್ತವೇ ಸಿಗುತ್ತದೆ. ತೆಳ್ಳಗೆ ಕೊಯ್ದರೆ ಪ್ರತಿ ಹೋಳೂ ಒಂದು ಪುಟ್ಟ ಸಿಲಿಂಡರ್. ಅದರ ಘನಫಲ ಪೈ ಗುಣಿಸು ತ್ರಿಜ್ಯದ ವರ್ಗ ಗುಣಿಸು ದಪ್ಪ. ಇಂಟಿಗ್ರೇಷನ್ ಆ ಹೋಳುಗಳನ್ನೆಲ್ಲ ಕೂಡಿಸುತ್ತದೆ, ಅಷ್ಟೇ. ಈ ಹೋಳು ಕಣ್ಣಿಗೆ ಕಂಡರೆ ಸೂತ್ರ ಬಾಯಿಪಾಠ ಮಾಡೋದೇ ಬೇಡ. ನಾನು ಇದನ್ನು ಇವತ್ತಿಗೂ ನಂಬುತ್ತೇನೆ.

ಕೂಡಿಸಬೇಕಾದ್ದು ತ್ರಿಜ್ಯವನ್ನಲ್ಲ, ಅದರ ವರ್ಗವನ್ನು ಎಂದು ಸರ್ ಒತ್ತಿ ಹೇಳುತ್ತಿದ್ದರು. 3 ಮತ್ತು 5ರ ಸರಾಸರಿ 4, ಅದರ ವರ್ಗ 16. ಆದರೆ 9 ಮತ್ತು 25ರ ಸರಾಸರಿ 17. ಹೊಟ್ಟೆ ದಪ್ಪಗಿದ್ದಷ್ಟೂ ಈ ವ್ಯತ್ಯಾಸ ಜಾಸ್ತಿ.

ಆಮೇಲೆ ಗ್ರಹಗಳ ಚಲನೆಯ ನಿಯಮ ಕಂಡುಹಿಡಿದ ಖಗೋಳ ವಿಜ್ಞಾನಿ ಕೆಪ್ಲರ್ ಕಥೆ ಬಂತು. 1613ರಲ್ಲಿ ಅವನ ಎರಡನೇ ಮದುವೆ. ವೈನ್ ವ್ಯಾಪಾರಿ ಪೀಪಾಯಿಯೊಳಗೆ ಓರೆಯಾಗಿ ಕೋಲು ಇಳಿಸಿ, ಒದ್ದೆಯಾದ ಉದ್ದ ನೋಡಿ ಬೆಲೆ ಹೇಳಿದ. ಕೆಪ್ಲರ್‌ಗೆ ಅದು ಸರಿ ಕಾಣಲಿಲ್ಲ. ಕೂತು ಲೆಕ್ಕ ಹಾಕಿದ, 1615ರಲ್ಲಿ ಅದನ್ನೇ ಪುಸ್ತಕ ಮಾಡಿದ. ಇಂಟಿಗ್ರೇಷನ್‌ಗೆ ಅಡಿಪಾಯ ಹಾಕಿದವರಲ್ಲೊಬ್ಬನಾದ ನ್ಯೂಟನ್ ಆಗ ಇನ್ನೂ ಹುಟ್ಟಿರಲೇ ಇಲ್ಲ! ಕೆಪ್ಲರ್ ಹೆಸರಲ್ಲೇ ಉಳಿದ ಪೀಪಾಯಿ ನಿಯಮ ಹೀಗಿದೆ: ತಳದ ವಿಸ್ತೀರ್ಣ, ಬಾಯಿಯ ವಿಸ್ತೀರ್ಣ, ನಡುವಿನದರ ನಾಲ್ಕು ಪಟ್ಟು, ಮೂರನ್ನೂ ಕೂಡಿಸಿ ಎತ್ತರದ ಆರನೇ ಒಂದು ಭಾಗದಿಂದ ಗುಣಿಸಬೇಕು. ಗೋಳಕ್ಕೆ ಹಾಕಿ ನೋಡಿದೆವು. ಮೇಲೆ ಸೊನ್ನೆ, ಕೆಳಗೆ ಸೊನ್ನೆ, ನಡುವೆ ಪೈ ಆರ್ ವರ್ಗ, ಎತ್ತರ 2 ಆರ್. ಉತ್ತರ 4/3 ಪೈ ಆರ್ ಘನ. ಹೈಸ್ಕೂಲಿನಿಂದ ಸುಮ್ನೆ ಒಪ್ಪಿಕೊಂಡು ಬಂದಿದ್ದ ಸೂತ್ರ ಎರಡು ಸಾಲಿನಲ್ಲಿ ಎದುರಿಗೆ ನಿಂತಾಗ ಆದ ಖುಷಿ ಹೇಳತೀರದು.

ಗಡಿಗೆಗೆ ದರ್ಜಿಯ ಟೇಪು ಸುತ್ತಿದೆವು. ಹೊಟ್ಟೆಯ ಸುತ್ತಳತೆ 88 ಸೆಂಟಿಮೀಟರ್, ಅಂದರೆ ತ್ರಿಜ್ಯ 14. ತಳ ಮತ್ತು ಬಾಯಿ ಸುಮಾರು 44, ತ್ರಿಜ್ಯ 7. ಎತ್ತರ 30. ಲೆಕ್ಕ 13.86 ಲೀಟರ್ ಎಂದಿತು. ಸರ್ ತಲೆ ಅಲ್ಲಾಡಿಸಿ, "ಇದರಾಗ ಮಣ್ಣೂ ಸೇರೇತಿ" ಎಂದರು. ಗೋಡೆಯ ದಪ್ಪ ಸುಮಾರು ಒಂದು ಸೆಂಟಿಮೀಟರ್. ತ್ರಿಜ್ಯಗಳು 13 ಮತ್ತು 6 ಆದವು, ಎತ್ತರ 29. ಈಗ ಬಂದದ್ದು 11.36. ಒಂದು ಸೆಂಟಿಮೀಟರ್ ಮಣ್ಣು ಎರಡೂವರೆ ಲೀಟರ್ ತಿಂದಿತ್ತು! ಆಮೇಲೆ ಲೀಟರ್ ಜಗ್ಗಿನಲ್ಲಿ ಸುರಿದೆವು. ಹನ್ನೆರಡನೇ ಜಗ್ಗು ಅರ್ಧವಾಗುವಷ್ಟರಲ್ಲಿ ಗಡಿಗೆ ತುಂಬಿತು. ಮೂರೇ ಅಳತೆಗೆ ಇಷ್ಟು ಹತ್ತಿರ ಬಂದದ್ದು ನೋಡಿ ಇಡೀ ಕ್ಲಾಸು ಚಪ್ಪಾಳೆ ಹೊಡೆಯಿತು.

ಈಗ ಓದುತ್ತಿರುವ ನಿಮಗೆ ಅವರು ಆ ವಾರ ಕೊಟ್ಟ ಮನೆಗೆಲಸವನ್ನೇ ಕೊಡುತ್ತೇನೆ. ವೈ ಸಮ ಒಂದು ಬೈ ಎಕ್ಸ್ (y = 1/x) ಎಂಬ ರೇಖೆಯನ್ನು, ಎಕ್ಸ್ 1ರಿಂದ ಅನಂತದವರೆಗೆ, ಎಕ್ಸ್ ಅಕ್ಷದ ಸುತ್ತ ತಿರುಗಿಸಿ. 1640ರ ದಶಕದಲ್ಲಿ ಇಟಲಿಯ ವಿಜ್ಞಾನಿ ಟಾರಿಸೆಲ್ಲಿ ತೋರಿಸಿದ ಕಹಳೆ ಇದು. ಘನಫಲ ಬರೀ ಪೈ. ಹೊರಮೈಯ ವಿಸ್ತೀರ್ಣಕ್ಕೆ ಮಾತ್ರ ಮಿತಿಯೇ ಇಲ್ಲ. ಇದು ಹೇಗೆ ಸಾಧ್ಯ ಎಂದು ನಾವು ಹಾಸ್ಟೆಲಿನಲ್ಲಿ ರಾತ್ರಿಯಿಡೀ ವಾದ ಮಾಡಿದ್ದೆವು. ನೀವೂ ಮಾಡಿ.