ಮಣ್ಣಿನ ಮಸಮುನೆ, ಐದನೇ ವಾರ: ಪಟ್ಟಿ ಕಿತ್ತೆ

ಜಪಾನಿನ ಸೆಂದೈ ಕೋಟೆಯಲ್ಲಿ ಕುದುರೆ ಏರಿದ ಹಳೆಯ ದೊರೆ ಮಸಮುನೆಯ ಪ್ರತಿಮೆ ಇದೆ, ಅದನ್ನೇ ಮಣ್ಣಿನಲ್ಲಿ ಮಾಡುತ್ತಿದ್ದೇನೆ. ಕುದುರೆಯ ಕೆಲಸ ಹೋದ ವಾರ ಮುಗಿದಿತ್ತು. ತಂತಿಯ ಮೇಲೆ ಜೇಡಿಮಣ್ಣು ಮೆತ್ತುತ್ತಾ ಸವಾರನ ಹೆಗಲವರೆಗೂ ಬಂದಿದ್ದೆ. ಮುಖ ಮಾತ್ರ ಸರಿ ಬರುತ್ತಿರಲಿಲ್ಲ. ಸುಮ್ನೆ ಫೋಟೋ ನೋಡಿ ಮಾಡಿದರೆ ಆಗಲ್ಲ ಅನ್ನಿಸಿ, ಶನಿವಾರ ಟೋಕಿಯೊದಿಂದ ಶಿಂಕಾನ್‌ಸೆನ್ ರೈಲು ಹತ್ತಿ ಸೆಂದೈಗೆ ಹೋಗಿ ಬಂದೆ.

ಸೆಂದೈ ಕೋಟೆ ಇರುವುದು ಗುಡ್ಡದ ಮೇಲೆ. ದಾತೆ ಮಸಮುನೆ ಎಂಬ ದೈಮ್ಯೊ, ಅಂದರೆ ನಮ್ಮ ಪಾಳೆಯಗಾರರ ಥರದ ದೊರೆ, 1601ರಲ್ಲಿ ಇದನ್ನು ಕಟ್ಟಿಸಲು ಶುರು ಮಾಡಿದ. ಜಪಾನಿನ ಕೋಟೆ ಅಂದರೆ ಕಣ್ಣಿಗೆ ಬರುವ ಎತ್ತರದ ಗೋಪುರ ಇಲ್ಲಿಲ್ಲ. ಕಲ್ಲಿನ ಗೋಡೆ, ಕೆಳಗೆ ಹರಡಿಕೊಂಡ ಊರು, ಕುದುರೆ ಮೇಲೆ ಮಸಮುನೆ. ನನಗೆ ಅಷ್ಟು ಸಾಕಿತ್ತು.

ಚಿಕ್ಕಂದಿನಲ್ಲಿ ಸಿಡುಬು ಬಂದು ಅವನ ಬಲಗಣ್ಣು ಹೋಗಿತ್ತು. ‘ಒಕ್ಕಣ್ಣಿನ ಡ್ರ್ಯಾಗನ್’ ಅಂತಲೇ ಹೆಸರು. ಹಾಗಾಗಿ ನನ್ನ ಮಣ್ಣಿನ ಮಸಮುನೆಯ ಬಲಗಣ್ಣಿಗೆ ಪಟ್ಟಿ ಕಟ್ಟಿದ್ದೆ. ಇಲ್ಲಿ ತಲೆಯೆತ್ತಿ ನೋಡಿದರೆ ಎರಡೂ ಕಣ್ಣಿವೆ! ತನ್ನ ಚಿತ್ರ ಬರೆದರೆ ಎರಡು ಕಣ್ಣೂ ಇರಲಿ ಅಂತ ಅವನೇ ಹೇಳಿದ್ದನಂತೆ. ಅದನ್ನು ಓದಿ ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಸತ್ತು ಮುನ್ನೂರು ವರ್ಷವಾದ ಮೇಲೂ ಶಿಲ್ಪಿ ಆ ಮಾತು ನಡೆಸಿಕೊಟ್ಟಿದ್ದಾನೆ ಅಲ್ವಾ?

ಆ ಶಿಲ್ಪಿ ಕೊಮುರೊ ತೋರು. ಪ್ರತಿಮೆ ಮೊದಲು ನಿಂತಿದ್ದು 1935ರಲ್ಲಿ. ಯುದ್ಧದ ಕಾಲದಲ್ಲಿ ಲೋಹ ಬೇಕೆಂದು ಸರ್ಕಾರ ಕಿತ್ತುಕೊಂಡು ಹೋಯಿತು. ಅಚ್ಚು ಉಳಿದಿತ್ತು, ಅದರಿಂದಲೇ 1964ರಲ್ಲಿ ಮತ್ತೆ ಎರಕ ಹೊಯ್ದರು. ಹಳೆಯದರಲ್ಲಿ ಉಳಿದ ಎದೆಯ ಮೇಲಿನ ಭಾಗ ಗುಡ್ಡದ ಕೆಳಗೆ ನಗರದ ಮ್ಯೂಸಿಯಂ ಅಂಗಳದಲ್ಲಿದೆ. ಮುಖವನ್ನು ಹತ್ತಿರದಿಂದ ಬರೆದುಕೊಂಡಿದ್ದು ಅಲ್ಲೇ. ಮೇಲಿನದು ತುಂಬಾ ಎತ್ತರ.

ಇನ್ನೊಂದು ಪಾಠ ಕಾಲಿನದು. 2022ರ ಮಾರ್ಚ್ ಭೂಕಂಪದಲ್ಲಿ ಕುದುರೆಯ ಕಾಲು ಬಿರುಕು ಬಿಟ್ಟು ಪ್ರತಿಮೆ ವಾಲಿತ್ತು. ಕೆಳಗಿಳಿಸಿ, ರಿಪೇರಿ ಮಾಡಿ, ಮರುವರ್ಷ ಮತ್ತೆ ನಿಲ್ಲಿಸಿದರು. ಅಷ್ಟು ಭಾರವೆಲ್ಲ ಆ ಸಣ್ಣ ಕಾಲುಗಳ ಮೇಲೆ. ನನ್ನ ಕುದುರೆಯೂ ಮೂರು ದಿನದಿಂದ ಬಲಕ್ಕೆ ಕುಸಿಯುತ್ತಿತ್ತು, ಮಣ್ಣು ಹಸಿಯಿದೆ ಅಂದುಕೊಂಡಿದ್ದೆ. ಅಲ್ಲ, ಒಳಗಿನ ತಂತಿಯೇ ತೆಳು.

ನಿನ್ನೆ ರಾತ್ರಿ ಕಾಲಿನ ಮಣ್ಣು ಬಿಡಿಸಿ, ತಂತಿಯನ್ನು ಎರಡೆಳೆ ಮಾಡಿ ಹೊಸೆದೆ. ಪಟ್ಟಿ ಕಿತ್ತು ಬಲಗಣ್ಣು ತಿದ್ದಿದೆ. ಶಿರಸ್ತ್ರಾಣದ ಅರ್ಧಚಂದ್ರ ಇನ್ನೂ ಬಾಕಿ. ಅವನ ನಿಜವಾದ ಶಿರಸ್ತ್ರಾಣದಲ್ಲಿ ಚಂದ್ರನ ಬಲತುದಿ ಎಡಕ್ಕಿಂತ ಗಿಡ್ಡ. ನಾನು ಎರಡೂ ಸಮ ಕತ್ತರಿಸಿಟ್ಟಿದ್ದೆ. ಹೊಸ ತಗಡು ತರಬೇಕು.